ಮನೆಯನ್ನು ಮಾರುವ ಮುನ್ನ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಈ ಗಾದೆಯನ್ನು ಕಟ್ಟಿದ ಹಿರಿಯರು ಮನೆ ಮಾರುವವನ ಕಷ್ಟವನ್ನು ಮಾತ್ರ ಹೇಳದೆ ಬಿಟ್ಟರು. ಅವರ ಎಣಿಕೆಯಲ್ಲಿ ಮನೆ ಮಾರುವುದೆಂದರೆ ಮನೆತನವೇ ಮುರಿದುಬಿದ್ದಂತೆ. ಆ ಮಾತನ್ನು ಬಾಯಿಗೆ ತರುವುದೇ ಅಶುಭವೆಂದು ಭಾವಿಸಿದ್ದರೋ ಏನೋ. ಈಗ ಕಾಲ ಬೇರೆಯಾಗಿದೆ. ಮಕ್ಕಳು ಓದಿ, ಬೆಂಗಳೂರಿಗೋ ಮುಂಬಯಿಗೋ ಹೋಗಿ ನೆಲಸುತ್ತಾರೆ. ಊರಿನ ಹಂಚಿನ ಮನೆ ಬೀಗ ಹಾಕಿಸಿಕೊಂಡು ಒಂಟಿಯಾಗಿ ನಿಲ್ಲುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ "ಮಾರಿಬಿಡೋಣ" ಎಂಬ ಮಾತು ಹೊರಡುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ: ಮಾರುವ ಮುನ್ನ ಮನೆಗೆ ಏನೇನು ಮಾಡಿಸಬೇಕು? ಯಾವುದಕ್ಕೆ ಹಣ ಹಾಕಬೇಕು? ಯಾವುದಕ್ಕೆ ಹಾಕಬಾರದು? ಈ ಸಂಜೆ ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಇದನ್ನೇ.

ಮನೆಗಳೆಲ್ಲ ಒಂದೇ ಬಗೆಯವಲ್ಲ. ಆದಕಾರಣ ನಾನು ಬಲ್ಲ ಒಂದು ಊರನ್ನು ಹಿಡಿದುಕೊಂಡು ಹೇಳುತ್ತೇನೆ. ಉತ್ತರ ಕನ್ನಡದ ಕುಮಟೆಯಿಂದ ಉತ್ತರಕ್ಕೆ ಹನ್ನೊಂದು ಕಿಲೋಮೀಟರು ಹೋದರೆ ಅಘನಾಶಿನಿ ಹೊಳೆಯ ಸೀಮೆಯಲ್ಲಿ ಮಿರ್ಜಾನವೆಂಬ ಊರಿದೆ. ಪ್ರವಾಸಿಗಳು ಅದನ್ನು ಬಲ್ಲುದು ಅಲ್ಲಿಯ ಕೋಟೆಯಿಂದ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿಯೆಂದು ಕರೆಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಆ ಕೋಟೆಯೊಡನೆ ಸೇರಿಕೊಂಡಿದೆ. ನಮ್ಮ ಇಂದಿನ ವಿಷಯಕ್ಕೆ ರಾಣಿಗಿಂತಲೂ ಕೋಟೆಯ ಕಲ್ಲೇ ಮುಖ್ಯ. ಅದು ಚಿರೆಕಲ್ಲು. ಮಿರ್ಜಾನದ ಹಳೆಯ ಮನೆಗಳ ಗೋಡೆಯೂ ಅದೇ ಕಲ್ಲಿನದು. ನೆಲದೊಳಗಿರುವಾಗ ಗುದ್ದಲಿಯಿಂದ ಕಡಿಯುವಷ್ಟು ಮೆದುವಾಗಿದ್ದು, ಗಾಳಿಗೆ ಬಂದಮೇಲೆ ಗಟ್ಟಿಯಾಗುವುದು ಇದರ ಗುಣ. 1800 ಮತ್ತು 1801ರಲ್ಲಿ ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಗುಣವನ್ನು ಕಂಡು, ಇಟ್ಟಿಗೆಯಂಥ ಕಲ್ಲೆಂಬ ಅರ್ಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ಆ ಹೆಸರು ಲೋಕಕ್ಕೆಲ್ಲ ಹರಡಿತು.

ಇಂಥ ಕಲ್ಲಿನ ಮನೆಗೆ ಒಬ್ಬನೇ ಪರೀಕ್ಷಕ, ಅವನು ಮಳೆರಾಯ. ಅಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿದ ಮಳೆ ಬೀಳುತ್ತದೆ. ಬೆಂಗಳೂರಿನ ಮಳೆಗೆ ಇದು ಮೂರು ಪಾಲಿಗೂ ಹೆಚ್ಚು. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ, ಪಡುವಣದ ಗಾಳಿಯೊಡನೆ, ಓರೆಯಾಗಿ ಬಂದು ಗೋಡೆಗೆ ಬಡಿಯುತ್ತದೆ. ಈ ಪರೀಕ್ಷಕನನ್ನು ಬಣ್ಣದಿಂದ ಮೋಸಗೊಳಿಸಲಾಗದು. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಉಳಿದುದೆಲ್ಲ ತಾನಾಗಿಯೇ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಸೋದರತ್ತೆಯ ಮನೆಯನ್ನು ಮಾರಬೇಕಾಯಿತು. ಮಾವ ತೀರಿಕೊಂಡಿದ್ದರು. ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯವನು ಮುಂಬಯಿಯಲ್ಲಿ. ಮಗಳನ್ನು ಹೊನ್ನಾವರದ ಕಡೆಗೆ ಕೊಟ್ಟಿತ್ತು. ಅತ್ತೆ ಹಿರಿಯ ಮಗನ ಮನೆಗೆ ಹೋಗುವುದೆಂದು ನಿಶ್ಚಯವಾಯಿತು. ಗಂಡುಮಕ್ಕಳಿಬ್ಬರೂ ಕುಳಿತು ಒಂದು ಪಟ್ಟಿ ಮಾಡಿದರು: ನೆಲಕ್ಕೆ ಹೊಳೆಯುವ ಟೈಲು, ಅಡುಗೆಮನೆಗೆ ಗ್ರಾನೈಟಿನ ಕಟ್ಟೆ, ಜಗಲಿಯ ಕಂಬಗಳಿಗೆ ಎಣ್ಣೆಬಣ್ಣ, ಕರೆಗಟ್ಟಿದ ಪಡುಗೋಡೆಗೆ ಸಿಮೆಂಟಿನ ಗಿಲಾವು. "ನೋಡಿದವರು ಕೂಡಲೇ ಮುಂಗಡ ಕೊಡಬೇಕು" ಎಂಬುದು ಅವರ ಬಯಕೆ. ಆ ಮನೆಯ ಸೋದರಳಿಯನಾದ ನನ್ನನ್ನು ಮೇಲ್ವಿಚಾರಣೆಗೆಂದು ಕರೆಸಿಕೊಂಡರು. ಪಟ್ಟಿಯನ್ನು ಕೇಳಿದ ಅತ್ತೆ ಎಲೆಯಡಿಕೆಯ ತಟ್ಟೆಯನ್ನು ಬದಿಗಿಟ್ಟು ಇಷ್ಟೇ ಅಂದಳು: "ತಮಾ, ಗೋಡೆಗೆ ಬಣ್ಣ ಬಳಿಲಕ್ಕು. ಬಾವಿಗೆ ಎಂಥ ಬಳಿತೆ?"

ಆ ಮಾತಿನ ಅರ್ಥವನ್ನು ಮುಂದೆ ಹೇಳುತ್ತೇನೆ. ಮೊದಲು ಮಕ್ಕಳ ಪಟ್ಟಿಯನ್ನು ಪರಿಶೀಲಿಸೋಣ.

ಮಾರುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಕೊಳ್ಳುವವನು ಯಾರು ಎಂಬುದು. ಮಿರ್ಜಾನದಂಥ ಊರಿನಲ್ಲಿ ಮೂರು ಬಗೆಯವರು ಬರುತ್ತಾರೆ. ಒಬ್ಬನಿಗೆ ಬೇಕಾದುದು ನೆಲ. ಊರಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಅಂಗಡಿ ಕಟ್ಟುವುದು ಅವನ ಆಲೋಚನೆ. ನಮ್ಮ ಮನೆಯನ್ನು ಅವನು ಕೊಂಡ ತಿಂಗಳೇ ಕೆಡವುತ್ತಾನೆ. ಅವನ ಸಲುವಾಗಿ ನೆಲಕ್ಕೆ ಟೈಲು ಹಾಕಿಸುವುದು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ. ಎರಡನೆಯವನು ಗೋಕರ್ಣಕ್ಕೆ ಬರುವ ಪ್ರವಾಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡವನು, ಅಥವಾ ಪಟ್ಟಣದ ಗದ್ದಲಕ್ಕೆ ಬೇಸತ್ತವನು. ಅವನಿಗೆ ಹಳೆಯ ಜಗಲಿ ಬೇಕು. ಹಲಸಿನ ಕಂಬ ಬೇಕು. ಮಾಡಿನ ಕೆಳಗಿನ ನೆಳಲು ಬೇಕು. ಕಂಬಕ್ಕೆ ಎಣ್ಣೆಬಣ್ಣ ಬಳಿದರೆ ಅವನು ಹಣ ಕೊಡಲು ಸಿದ್ಧನಿದ್ದ ವಸ್ತುವನ್ನೇ ನಾವು ಮುಚ್ಚಿಟ್ಟಂತಾಯಿತು. ಮೂರನೆಯವನು ಸಂಸಾರದೊಡನೆ ಬಂದು ಬಾಳುವವನು. ಅವನ ಹೆಂಡತಿಗೆ ತನ್ನ ಅಡುಗೆಮನೆ ಹೇಗಿರಬೇಕೆಂಬ ಬಗ್ಗೆ ತನ್ನದೇ ಆದ ಅಭಿಪ್ರಾಯವಿರುತ್ತದೆ. ನಾವು ಹಾಕಿಸಿದ ಕಟ್ಟೆಯ ಬಣ್ಣ ಆಕೆಗೆ ಒಪ್ಪದಿದ್ದರೆ ಅದನ್ನು ಕೀಳಿಸುವ ಖರ್ಚನ್ನು ಅವರು ಬೆಲೆಯಲ್ಲಿ ಕಳೆಯುತ್ತಾರೆ. ಆದಕಾರಣ ರುಚಿಗೆ ಸಂಬಂಧಿಸಿದುದನ್ನೆಲ್ಲ ಕೊಳ್ಳುವವರ ಪಾಲಿಗೆ ಬಿಡುವುದೇ ಜಾಣತನ.

ಹಾಗಾದರೆ ಏನನ್ನೂ ಮಾಡಿಸಬಾರದೆ? ಹಾಗಲ್ಲ. ಎಲ್ಲಕ್ಕಿಂತ ಮೊದಲು ದುರಸ್ತಿಯಾಗಬೇಕಾದುದು ಮನೆಯ ಕಾಗದಪತ್ರ. ಇದನ್ನು ಸುಧಾರಣೆಯೆಂದು ಯಾರೂ ಕರೆಯುವುದಿಲ್ಲ. ಆದರೂ ಇಷ್ಟು ಕಡಮೆ ಖರ್ಚಿನಲ್ಲಿ ಇಷ್ಟು ಬೆಲೆ ತರುವ ಸುಧಾರಣೆ ಇನ್ನೊಂದಿಲ್ಲ. 1908ರ ನೋಂದಣಿ ಕಾಯಿದೆಯ ಮೇರೆಗೆ ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಸ್ವತ್ತಿನ ಕ್ರಯಪತ್ರ ನೋಂದಣಿಯಾಗಲೇಬೇಕು. ನೋಂದಣಿಗೆ ಹೋದಾಗ ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿರುವುದು ತಿಳಿದುಬಂದರೆ, ಹೊಳೆಯುವ ನೆಲ ಯಾರ ಉಪಯೋಗಕ್ಕೆ ಬಂದೀತು? ಗ್ರಾಮ ಪಂಚಾಯತಿಯ ಇ-ಸ್ವತ್ತಿನ ನಮೂನೆಗಳು, ಉಪನೋಂದಣಾಧಿಕಾರಿಯ ಕಚೇರಿಯಿಂದ ಬರುವ ಋಣಭಾರ ಪ್ರಮಾಣಪತ್ರ, ಮನೆತೆರಿಗೆ ಸಂದಾಯದ ರಸೀತಿ, ಹಿಂದಿನ ಕ್ರಯಪತ್ರ ಅಥವಾ ಪಾಲುಪತ್ರ, ಇವಿಷ್ಟನ್ನು ಒಂದು ಕಡತದಲ್ಲಿ ಜೋಡಿಸಿಟ್ಟರೆ ಅರ್ಧ ವ್ಯಾಪಾರ ಮುಗಿದಂತೆ. ಹೆದ್ದಾರಿಯ ಅಗಲೀಕರಣಕ್ಕಾಗಿ ಭೂಸ್ವಾಧೀನದ ನೋಟೀಸು ಎಂದಾದರೂ ಬಂದಿದ್ದರೆ ಅದನ್ನೂ ಆ ಕಡತದಲ್ಲಿಯೇ ಇಡಬೇಕು.

ಹೆಣ್ಣುಮಕ್ಕಳನ್ನು ಮರೆಯಬಾರದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆಯೆಂದು 1956ರ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಾದ ತಿದ್ದುಪಡಿ ಸ್ಪಷ್ಟಪಡಿಸಿತು. "ತಂಗಿ ಏನೂ ಅನ್ನುವುದಿಲ್ಲ" ಎಂಬ ಭರವಸೆಯ ಮೇಲೆ ವ್ಯಾಪಾರ ಕುದುರಿಸಿ, ಕೊನೆಯ ಗಳಿಗೆಯಲ್ಲಿ ಸಹಿಗಾಗಿ ಓಡುವವರನ್ನು ನಾನು ಕಂಡಿದ್ದೇನೆ. ಹೊನ್ನಾವರದಿಂದ ಮಗಳನ್ನು ಕರೆಸಿ, ಎಲ್ಲರ ಎದುರಿಗೆ ಅವಳ ಒಪ್ಪಿಗೆಯನ್ನೂ ಪಾಲನ್ನೂ ಗೊತ್ತುಮಾಡಿದಮೇಲೆಯೇ ಅತ್ತೆ ಮನೆಯನ್ನು ಅನ್ಯರಿಗೆ ತೋರಿಸಲು ಒಪ್ಪಿದಳು.

ಇನ್ನೊಂದು ಎಚ್ಚರಿಕೆಯುಂಟು. ಮಾರುವ ಮುನ್ನ ಒಂದು ಕೋಣೆಯನ್ನು ಹೆಚ್ಚಿಸಿದರೆ ಬೆಲೆ ಏರೀತೆಂದು ಕೆಲವರು ಆತುರಪಡುತ್ತಾರೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ಕಾನೂನು ನಿಷೇಧಿಸಿದೆ. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. 2010ರ ತಿದ್ದುಪಡಿಯಿಂದ ಈ ನಿಯಮ ಬಿಗಿಯಾಗಿದೆ. ಉಬ್ಬರದ ನೀರು ಏರಿಬರುವ ಹೊಳೆಯ ದಂಡೆಗಳಿಗೆ 1991ರಿಂದ ಕರಾವಳಿ ನಿಯಂತ್ರಣದ ನಿಯಮಗಳೂ ಬಂದಿವೆ. ಕೋಟೆಯ ಮಗ್ಗುಲಲ್ಲಿಯೋ ಹೊಳೆಯ ಬದಿಯಲ್ಲಿಯೋ ಮನೆಯುಳ್ಳವರು ಅನುಮತಿಯಿಲ್ಲದೆ ಕಟ್ಟಿದ ಕೋಣೆ ಬೆಲೆಯನ್ನು ಏರಿಸುವುದಿರಲಿ, ಇದ್ದ ಮನೆಯನ್ನೂ ಸಂಶಯಕ್ಕೆ ಗುರಿಮಾಡುತ್ತದೆ.

ಇನ್ನು ಮನೆಗೆ ಬರೋಣ. ಹಣ ಹಾಕಬೇಕಾದ ಮೊದಲ ಸ್ಥಳ ಮಾಡು. ನಮ್ಮ ಕರಾವಳಿಯ ಮನೆಗಳಿಗೆ ಈ ಹಂಚು ಬಂದುದು ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಮೇಲೆ. ಅದಕ್ಕೂ ಮುಂಚೆ ಹುಲ್ಲು, ಸೋಗೆ, ಮಡಲುಗಳೇ ಬಹುಜನರ ಹೊದಿಕೆ. ಹಂಚಿನ ಮಾಡಿಗೆ ಒಂದು ದೊಡ್ಡ ಗುಣವಿದೆ. ಅದನ್ನು ಇಡಿಯಾಗಿ ಬದಲಿಸಬೇಕಾಗಿಲ್ಲ. ಹಂಚನ್ನು ಇಳಿಸಿ, ಪಾಚಿ ತೊಳೆದು, ಒಡೆದುದನ್ನಷ್ಟೆ ತೆಗೆದುಹಾಕಿ ಮರಳಿ ಹೊದಿಸಬಹುದು. ಹಾಗೆ ಇಳಿಸಿದಾಗಲೇ ರೀಪು, ಪಕಾಸಿಗಳ ನಿಜಸ್ಥಿತಿ ಬೆಳಕಿಗೆ ಬರುತ್ತದೆ. ಸೌದೆಯ ಒಲೆ ಉರಿಯುತ್ತಿದ್ದ ಕಾಲದಲ್ಲಿ ಹೊಗೆಯೇ ಮರವನ್ನು ಹುಳುವಿನಿಂದ ಕಾಯುತ್ತಿತ್ತು. ಒಲೆ ಆರಿದ, ಬಾಗಿಲು ಮುಚ್ಚಿದ ಮನೆಯಲ್ಲಿ ಗೆದ್ದಲಿಗೆ ತಡೆಯಿಲ್ಲ. ನಾಲ್ಕು ಪಕಾಸಿಗಳನ್ನು ಬದಲಿಸಿದ ವೆಚ್ಚ ಕೊಳ್ಳುವವನ ಕಣ್ಣಿಗೆ ಬೀಳಲಿಕ್ಕಿಲ್ಲ. ಆದರೆ ಮಾಡು ಬಾಗಿದ ಮನೆಯನ್ನು ಅಂಗಳದಿಂದ ನೋಡಿಯೇ ಅವನು ಹಿಂದಿರುಗುತ್ತಾನೆ.

ಎರಡನೆಯದು ನೀರಿನ ದಾರಿ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳುತ್ತಿದೆಯೆ? ಅಂಗಳದ ಇಳಿಜಾರು ಹೊರಮುಖವಾಗಿದೆಯೆ? ಮೋರಿ ಕಟ್ಟಿಕೊಂಡಿದೆಯೆ? ಗೋಡೆಯ ಕರೆಗೆ ಗೋಡೆಯೇ ಕಾರಣವಾಗಿರುವುದು ಅಪರೂಪ. ಅದು ಮಾಡಿನ ತಪ್ಪು ಅಥವಾ ಮೋರಿಯ ತಪ್ಪು. ಅತ್ತೆಯ ಪಡುಗೋಡೆಯಲ್ಲಿಯೂ ಹಾಗೆಯೇ ಆಗಿತ್ತು. ಸೂರಿನ ತುದಿಯ ಒಂದು ಸಾಲು ಹಂಚು ಜಾರಿ, ಮಳೆನೀರು ಗೋಡೆಯ ತಲೆಯ ಮೇಲೆಯೇ ಇಳಿಯುತ್ತಿತ್ತು. ಅದಕ್ಕೆ ಮಕ್ಕಳು ಸೂಚಿಸಿದ್ದು ಸಿಮೆಂಟಿನ ಗಿಲಾವು. ಚಿರೆಕಲ್ಲು ತೂತುತೂತಾದ ಕಲ್ಲು. ಮಳೆಗಾಲದಲ್ಲಿ ನೀರನ್ನು ಕುಡಿದು ಬೇಸಗೆಯಲ್ಲಿ ಉಸಿರಿನಂತೆ ಹೊರಬಿಡುತ್ತದೆ. ಸುಣ್ಣದ ಗಾರೆ ಆ ಉಸಿರಿಗೆ ಎಡೆಗೊಡುತ್ತದೆ. ಗಟ್ಟಿ ಸಿಮೆಂಟು ಅದನ್ನು ಒಳಗೆ ಕೂಡಿಹಾಕುತ್ತದೆ. ಎರಡು ಮಳೆಗಾಲ ಕಳೆದರೆ ಗಿಲಾವು ಉಬ್ಬಿ, ಹಪ್ಪಳದಂತೆ ಕಳಚಿ ಬೀಳುತ್ತದೆ. ಆಗ ಮನೆ ಬೇರೊಬ್ಬನದಾಗಿರುತ್ತದೆ ಎಂಬುದೇ ಈ ಸಲಹೆಯ ಹಿಂದಿನ ಸಮಾಧಾನ. ನಾವು ಹಂಚಿನ ಸಾಲನ್ನು ಸರಿಪಡಿಸಿದೆವು. ಗೋಡೆಗೆ ಸುಣ್ಣ ಬಳಿಸಿದೆವು. ಕರೆಯ ನೆರಳು ಸ್ವಲ್ಪ ಉಳಿಯಿತು. ಉಳಿಯಲಿ ಎಂದು ಬಿಟ್ಟೆವು.

ಮೂರನೆಯದು ವಿದ್ಯುತ್ತಿನ ತಂತಿ. ಹಳೆಯ ಮನೆಗಳಲ್ಲಿ ತೇವದ ಗೋಡೆಯ ಮೇಲೆ ಸವೆದ ತಂತಿ ಹರಿದಿರುತ್ತದೆ. ಅದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಅದರಲ್ಲಿ ಜಿಪುಣತನ ಸಲ್ಲದು. ನಾಲ್ಕನೆಯದಕ್ಕೆ ಹಣವೇ ಬೇಡ, ಮೈಮುರಿದು ದುಡಿದರೆ ಸಾಕು: ಅಟ್ಟದ ಹಳೆಯ ಸಾಮಾನನ್ನು ಇಳಿಸುವುದು, ಬಾವಿಕಟ್ಟೆಯ ಪಾಚಿ ಉಜ್ಜುವುದು, ಕಿಟಕಿ ಬಾಗಿಲುಗಳನ್ನು ವಾರಕಾಲ ತೆರೆದಿಟ್ಟು ಮುಗ್ಗಲು ವಾಸನೆಯನ್ನು ಓಡಿಸುವುದು. ಸುಣ್ಣಬಣ್ಣ ಕಡೆಯ ಕೆಲಸ. ಮಾಡಿಸುವುದಾದರೆ ಇಡೀ ಮನೆಗೆ ಮಾಡಿಸಬೇಕು. ಮೂರು ಗೋಡೆ ಹಳತಾಗಿದ್ದು ಒಂದು ಗೋಡೆ ಮಾತ್ರ ಹೊಸ ಬಣ್ಣದಿಂದ ಬೆಳಗುತ್ತಿದ್ದರೆ, ಬುದ್ಧಿವಂತನಾದ ಗಿರಾಕಿ ನೇರವಾಗಿ ಅಲ್ಲಿಗೇ ಹೋಗಿ ಬೆರಳಿನಿಂದ ತಟ್ಟಿನೋಡುತ್ತಾನೆ. ಶಾಶ್ವತವಾದ ಕೆಲಸ ಮಾಡಿಸಿದವರು ರಸೀತಿಗಳನ್ನು ಜೋಪಾನಮಾಡಿರಬೇಕು. ಮಾರಾಟದ ಲಾಭದ ಮೇಲೆ ವರಮಾನ ತೆರಿಗೆಯನ್ನು ಲೆಕ್ಕಹಾಕುವಾಗ ಅಂಥ ಸುಧಾರಣೆಯ ವೆಚ್ಚವನ್ನು ಕಳೆಯಲು ಅವಕಾಶವಿದೆ. ಸುಣ್ಣಬಣ್ಣದಂಥ ವಾಡಿಕೆಯ ಖರ್ಚಿಗೆ ಇಲ್ಲ.

ಇಲ್ಲಿಯವರೆಗೆ ಹೇಳಿದುದು ವ್ಯವಹಾರದ ಮಾತು. ಇನ್ನು ಮುಂದಿನದು ಅದಕ್ಕಿಂತ ಸ್ವಲ್ಪ ಆಳವಾದುದು. ಮನೆಯನ್ನು ಸರಿಪಡಿಸುವುದು ಬೇರೆ, ದೋಷವನ್ನು ಮುಚ್ಚುವುದು ಬೇರೆ. ಕೆಲಸ ಒಂದೇ, ಗೌಂಡಿಯೂ ಒಬ್ಬನೇ. ಉದ್ದೇಶ ಮಾತ್ರ ಬೇರೆ. ಇವೆರಡರ ನಡುವಣ ಗೆರೆ ಎಲ್ಲಿದೆ?

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ರೋಮಿನ ವಾಗ್ಮಿ ಸಿಸೆರೊ ಕ್ರಿ. ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನೇ ಎತ್ತಿದ್ದಾನೆ. ಒಬ್ಬ ಸಭ್ಯನು ಮನೆ ಮಾರುತ್ತಾನೆ. ಅದು ರೋಗಕರವಾದ ಮನೆ, ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುತ್ತವೆ, ಮರಮಟ್ಟು ಕೆಟ್ಟಿದೆ. ಇದು ಒಡೆಯನಿಗಲ್ಲದೆ ಬೇರೆಯವರಿಗೆ ತಿಳಿಯದು. ಹೇಳದೆ ಮಾರಿದರೆ ಅನ್ಯಾಯವೆ? ಡಯೋಜಿನೀಸನೆಂಬ ತತ್ತ್ವಜ್ಞನ ಪಕ್ಷ ಹೀಗೆ: ಕೊಳ್ಳೆಂದು ಯಾರೂ ಬಲಾತ್ಕರಿಸಲಿಲ್ಲ, ಇಷ್ಟಪಟ್ಟು ಕೊಂಡವನು ತಾನೇ ನೋಡಿಕೊಳ್ಳಬೇಕಿತ್ತು, ತನ್ನ ಸರಕಿನ ದೋಷವನ್ನು ತಾನೇ ಸಾರುವ ಮೂರ್ಖನುಂಟೆ? ಅವನ ಶಿಷ್ಯ ಆಂಟಿಪೇಟರನ ಪಕ್ಷ ಬೇರೆ: ಅದು ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಇಲ್ಲಿ ತಿಳಿದೂ ತಿಳಿದೂ ಒಬ್ಬನನ್ನು ತಪ್ಪುದಾರಿಗೆ ನಡೆಸಿದಂತಾಗುತ್ತದೆ. ಸಿಸೆರೊ ಇಬ್ಬರ ಮಾತನ್ನೂ ಕೇಳಿ, ಒಡೆಯನು ಮುಚ್ಚಿಡಬಾರದಿತ್ತೆಂದೇ ತೀರ್ಪು ಹೇಳುತ್ತಾನೆ.

ನಮ್ಮ ದೇಶದ ಕಾನೂನೂ ಆಂಟಿಪೇಟರನ ಕಡೆಗೇ ನಿಂತಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವನ್ನು ನೋಡಿ. ಬೇರೆ ಕರಾರಿಲ್ಲದಿದ್ದಲ್ಲಿ, ಮಾರುವವನು ತನಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನು ಕಂಡುಕೊಳ್ಳಲಾರದ ಮುಖ್ಯ ದೋಷವನ್ನು ತಿಳಿಸಲು ಬದ್ಧನಾಗಿದ್ದಾನೆ. ದೋಷ ಮನೆಯಲ್ಲಿದ್ದರೂ ಸರಿ, ಹಕ್ಕಿನಲ್ಲಿದ್ದರೂ ಸರಿ. ತಿಳಿಸದೆ ಬಿಡುವುದನ್ನು ಕಾಯಿದೆ ವಂಚನೆಯೆಂದೇ ಎಣಿಸುತ್ತದೆ. ಒಡೆದ ಹಂಚನ್ನು ಯಾರು ಬೇಕಾದರೂ ನೋಡಬಹುದು. ಅದನ್ನು ಹೇಳದಿದ್ದರೆ ಹೆಚ್ಚೇನೂ ಕೇಡಿಲ್ಲ. ಬಣ್ಣದ ಅಡಿಯಲ್ಲಿರುವ ಬಿರುಕನ್ನು ಬಣ್ಣ ಹೊಡೆಸಿದವನೊಬ್ಬನೇ ಬಲ್ಲ.

ಈಗ ಅತ್ತೆಯ ಬಾವಿಯ ಸಂಗತಿ. ಅಘನಾಶಿನಿಯ ಅಳಿವೆಯಲ್ಲಿ ಉಬ್ಬರದೊಡನೆ ಸಮುದ್ರದ ನೀರು ಒಳನಾಡಿಗೆ ಏರಿಬರುತ್ತದೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗವೆಂಬ ಭತ್ತವನ್ನು ಅಲ್ಲಿಯ ರೈತರು ಗಜನಿ ಭೂಮಿಯಲ್ಲಿ ಬೆಳೆಯುತ್ತ ಬಂದುದು ಈ ಕಾರಣದಿಂದಲೇ. ಮಳೆಗಾಲದಲ್ಲಿಯೂ ಅದು ಕಳೆದ ಕೆಲವು ತಿಂಗಳೂ ಹೊಳೆಯ ಸಮೀಪದ ಬಾವಿಗಳ ನೀರು ಎಳನೀರಿನಂತಿರುತ್ತದೆ. ಬೇಸಗೆ ಬಲಿತು ಸಿಹಿನೀರಿನ ಒತ್ತು ಕುಗ್ಗಿದಾಗ ಕೆಲವು ಬಾವಿಗಳಿಗೆ ಉಪ್ಪು ಹತ್ತುತ್ತದೆ. ಅತ್ತೆಯ ಬಾವಿ ಅಂಥದು. ವರ್ಷದಲ್ಲಿ ಆರು ವಾರ ಅವಳು ನೆರೆಮನೆಯ ಬಾವಿಯಿಂದ ಕುಡಿಯುವ ನೀರು ತರುತ್ತಿದ್ದಳು. ನವೆಂಬರಿನಲ್ಲಿ ಮನೆ ನೋಡಲು ಬಂದವನು ಎಷ್ಟು ಎಚ್ಚರದಿಂದ ರುಚಿನೋಡಿದರೂ ಇದನ್ನು ತಿಳಿಯಲಾರ.

ಮೊದಲ ಗಿರಾಕಿ ಬಂದುದು ನವೆಂಬರಿನಲ್ಲಿಯೇ. ಮನೆ ಅವರಿಗೆ ಒಪ್ಪಿತು. ಬಾವಿಯ ನೀರು ಕುಡಿದು ಕೊಂಡಾಡಿದರು. ಮುಂಗಡದ ಮಾತು ಬಂದಾಗ ಅತ್ತೆ ಒಳಗಿನಿಂದ ಬಂದು ಬೇಸಗೆಯ ಸಂಗತಿಯನ್ನು ಹೇಳಿಬಿಟ್ಟಳು. ಮಕ್ಕಳ ಮುಖ ಸಣ್ಣದಾಯಿತು. ಬಂದವರು "ಆಲೋಚಿಸಿ ತಿಳಿಸುತ್ತೇವೆ" ಎಂದು ಹೋದರು, ಮತ್ತೆ ಬರಲಿಲ್ಲ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟಮಾಡಲಿಲ್ಲ. ಕಿರಿಯವನು "ಕೇಳದ ಪ್ರಶ್ನೆಗೆ ಉತ್ತರ ಕೊಡಬೇಕೇನಮ್ಮ?" ಎಂದು ಕೇಳಿದ. ಅತ್ತೆ ಉತ್ತರ ಕೊಡಲಿಲ್ಲ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಅವನ ಮಾತೇ ಸರಿಯೆನಿಸಿತು.

ಎರಡನೆಯವರು ಬಂದುದು ಜನವರಿಯಲ್ಲಿ; ನಿವೃತ್ತರಾದ ಉಪಾಧ್ಯಾಯರು. ಅವರಿಗೂ ಅತ್ತೆ ಅದನ್ನೇ ಹೇಳಿ, "ಮೇ ತಿಂಗಳಲ್ಲಿ ಇನ್ನೊಮ್ಮೆ ಬಂದು ಕುಡಿದು ನೋಡಿ" ಎಂದಳು. ಅವರು ಬಂದರು, ಒಂದು ಗುಟುಕು ಕುಡಿದರು, ನಕ್ಕರು. ಮಳೆನೀರನ್ನು ಹಿಡಿದಿಡುವ ತೊಟ್ಟಿಯೊಂದನ್ನು ಕಟ್ಟಿಸಲು ತಗಲುವಷ್ಟನ್ನು ಬೆಲೆಯಲ್ಲಿ ಕಳೆದು ಮನೆಯನ್ನು ಕೊಂಡರು. ಹೀಗೆ ಕಳೆದುಹೋದ ಹಣ, ಮಕ್ಕಳು ಟೈಲು ಗ್ರಾನೈಟುಗಳಿಗೆ ಹಾಕಬೇಕೆಂದಿದ್ದ ಹಣಕ್ಕಿಂತ ಸ್ವಲ್ಪ ಹೆಚ್ಚೇ ಆಗಿತ್ತು. ಸತ್ಯ ಹೇಳಿದವರಿಗೆ ಯಾವಾಗಲೂ ಲಾಭವೇ ಆಗುತ್ತದೆಂದು ಹೇಳಿ ತಮ್ಮನ್ನು ಮರುಳುಮಾಡಲಾರೆ. ಆದರೆ ಅತ್ತೆ ಬೆಂಗಳೂರಿಗೆ ಹೊರಟ ದಿನ, ಮನೆ ಕೊಂಡವರೇ ರೈಲುನಿಲ್ದಾಣದವರೆಗೆ ಬಂದು ಅವಳ ಗಂಟನ್ನು ಡಬ್ಬಿಗೆ ಏರಿಸಿದರು. ಊರಿಗೆ ಹೋದಾಗ ಆ ಮನೆಯ ಜಗಲಿಯಲ್ಲಿ ಕೂರಲು ಇಂದಿಗೂ ನಮಗೆ ಸಂಕೋಚವಿಲ್ಲ.

ಕೇಳುಗರಾದ ತಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇಂಥ ಒಂದು ಮನೆಯಿರಬಹುದು. ಮಾರುವ ಯೋಚನೆಯಿದ್ದರೆ ಪಟ್ಟಿಯನ್ನು ಬೆಂಗಳೂರಿನಲ್ಲಿ ಕುಳಿತು ಮಾಡಬೇಡಿ. ಒಂದು ಜುಲೈ ತಿಂಗಳಲ್ಲಿ, ಮಳೆ ಹೊಯ್ಯುತ್ತಿರುವಾಗ, ಎರಡು ರಾತ್ರಿ ಅಲ್ಲಿ ಮಲಗಿ ಬನ್ನಿ. ಎಲ್ಲಿ ಸೋರುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಮನೆಯೇ ಹೇಳುತ್ತದೆ. ಇನ್ನೊಂದು ವರ್ಷ ತಾವೇ ಅಲ್ಲಿರಬೇಕಾಗಿದ್ದರೆ ಯಾವುದನ್ನು ಸರಿಪಡಿಸುತ್ತಿದ್ದಿರೋ ಅದನ್ನು ಸರಿಪಡಿಸಿ. ಸರಿಪಡಿಸಲಾಗದುದನ್ನು ಬಾಯಿಬಿಟ್ಟು ಹೇಳಿ. ಉಳಿದ ಅಲಂಕಾರವನ್ನು ಮುಂದೆ ಅಲ್ಲಿ ದೀಪ ಹಚ್ಚುವವರಿಗೆ ಬಿಡಿ.